ಉತ್ತರದ ಗೋಡೆ

ಏಪ್ರಿಲ್ 11

ಸ್ವಸ್ತಿ! ಸಮಸ್ತ ಶೀತಲೋಕಾಶ್ರಯೆಯೂ, ನೀಲಿ ರಟ್ಟಿನ ಕವಚಧಾರಿಣಿಯೂ, ಹಾಸಿಗೆಯಡಿಯ ಕತ್ತಲ ಸಿಂಹಾಸನವನ್ನು ಬಿಟ್ಟು ಕದಲದ ಅಸೂರ್ಯಂಪಶ್ಯೆಯೂ, ಅಮ್ಮನ ಕಣ್ಣಿಗೆ ಇಂದಿನವರೆಗೂ ಬೀಳದೆ ಮಾನ ಉಳಿಸಿಕೊಂಡವಳೂ ಆದ ಶ್ರೀಮತ್ ದಿನಚರಿದೇವಿಯ ಪಾದಾರವಿಂದಗಳಿಗೆ, ನ್ಯೂಜಿಲೆಂಡಿನ ಡುನೀಡಿನ್ ಬೆಟ್ಟದ ಇಳಿಜಾರಿನಲ್ಲಿರುವ ಹಲಗೆಮನೆಯ ಏಕೈಕ ರಾಜಕುಮಾರಿ, ಹದಿನಾರರ ಹರೆಯದ ರೋನಾ ಮೆಕ್‌ಕ್ಯಾಸ್ಕಿಲ್ ಸಾಷ್ಟಾಂಗ ಎರಗಿ ಬಿನ್ನವಿಸಿಕೊಳ್ಳುವುದೇನೆಂದರೆ: ನಮ್ಮ ಮನೆಗೆ ರೇಡಿಯೇಟರುಗಳು ಬರುತ್ತಿವೆ.

ಒಳಗೆ ಬಿಸಿನೀರು ಹರಿಯುವ ಕಬ್ಬಿಣದ ಹಲಗೆಗಳಂತೆ. ಗೋಡೆಗೆ ಬೆನ್ನು ಕೊಟ್ಟು ನಿಂತು ಮನೆಯನ್ನು ಕಾಯಿಸುತ್ತವಂತೆ. ನಮ್ಮ ಬೀದಿಯಲ್ಲಿ ಇದುವರೆಗೆ ಯಾರೂ ಮನೆ ಕಾಯಿಸಿದವರಿಲ್ಲ. ಚಳಿ ಎಂದರೆ ಅಮ್ಮನ ಬಳಿ ಇರುವುದು ಒಂದೇ ಮದ್ದು: "ಇನ್ನೊಂದು ಸ್ವೆಟರ್ ಹಾಕ್ಕೋ." ಅಪ್ಪ ನಮ್ಮನ್ನು ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದ ದಿನವೂ ನನಗೆ ಅದೇ ಮದ್ದು ಸಿಕ್ಕಿತ್ತು.

ಈ ಬಿಸಿ ಗಂಗೆಯನ್ನು ತರುತ್ತಿರುವ ಭಗೀರಥ ಡೆರಿಕ್ ಓರ್ಮರಾಡ್, ಅಮ್ಮನ ಹೊಸ ಗಂಡ. ಇಂಗ್ಲೆಂಡಿನ ಬೋಲ್ಟನ್ ಎಂಬ ಊರಿನವನು. ಮದುವೆಯಾದ ಮೂರನೇ ತಿಂಗಳಿಗೆ ಅಲ್ಲಿಂದ ತನ್ನ ತಾಯಿಯನ್ನೂ ಕರೆಸಿಕೊಂಡ. ಹೆಸರು ಹಿಲ್ಡಾ, ಎಂಬತ್ತು ದಾಟಿದೆ, ಉಸಿರಾಡಿದರೆ ಎದೆಯೊಳಗೆ ಯಾರೋ ಹಳೇ ಹಾರ್ಮೋನಿಯಂ ಎಳೆದಂತೆ ಸದ್ದು. ಮುದುಕಿಗೆ ಹಿಂದಿನ ಕೋಣೆ ಕೊಟ್ಟಿದ್ದಾರೆ. ಅದು ಅಪ್ಪನ ಕೋಣೆ. ನನಗೆಂದು ಮಾತಾಗಿದ್ದ ಕೋಣೆ. ಗೋಡೆಯ ಮೇಲೆ ಈಗಲೂ ಅಪ್ಪ ಡಾರ್ಟ್ಸ್ ಆಟದಲ್ಲಿ ಎಸೆದ ಮೊಳೆಬಾಣಗಳ ತೂತುಗಳಿವೆ.

ಇವತ್ತು ಊಟದ ಮೇಜಿನಲ್ಲಿ ಕದನವಿರಾಮ ಒಪ್ಪಂದವಾಯಿತು.

"ಒಂದು ಚಳಿಗಾಲ ನೋಡೋಣ ಡೆರಿಕ್," ಅಂದಳು ಅಮ್ಮ. "ಒಂದ್ಸಲ ಎದೆ ಕಟ್ಟಿ ಆಸ್ಪತ್ರೆ ಸೇರಿದ್ರೂ ಸೀದಾ ವೃದ್ಧಾಶ್ರಮ. ನಿನ್ನನ್ನ ಮದುವೆ ಆಗಿದ್ದೀನಿ, ನರ್ಸ್ ಕೆಲಸಕ್ಕೆ ಸೇರಿಲ್ಲ."

"ಮನೆ ಬೆಚ್ಚಗಿದ್ರೆ ನಮ್ಮಮ್ಮ ಕಲ್ಲುಗುಂಡು, ಜೀನೆಟ್. ಅದು ನನ್ನ ಜವಾಬ್ದಾರಿ."

ಮುದುಕಿ ಸೂಪಿನ ಬಟ್ಟಲಿನೊಳಗೆ ನೋಡುತ್ತ ಕೂತಿದ್ದಳು, ತನ್ನ ವಿಷಯವೇ ಅಲ್ಲವೆನ್ನುವಂತೆ.

ಹೀಗಾಗಿ, ದೇವಿ, ಅವಳು ಇಲ್ಲಿರಬೇಕೋ ಹೋಗಬೇಕೋ ಎಂಬುದು ರೇಡಿಯೇಟರುಗಳ ಕೈಯಲ್ಲಿದೆ. ಈ ಯುದ್ಧದಲ್ಲಿ ನಾನು ಚಳಿಯ ಪಕ್ಷ.

ಏಪ್ರಿಲ್ 14

ಇಂದು ಮಹಾಪ್ರತಿಷ್ಠಾಪನೆಗೆ ಸ್ಥಳನಿರ್ಣಯ. ಪುರೋಹಿತ: ಡೆರಿಕ್. ಕಿವಿಯ ಸಂದಿಯಲ್ಲಿ ಸೀಮೆಸುಣ್ಣ, ಎಡಗೈಯಲ್ಲಿ ದಿಕ್ಸೂಚಿ, ಕಾಲಿಗೆ ಚಪ್ಪಲಿ.

"ಮನೆ ಕಾಯಿಸೋದು ಒಂದು ಶಾಸ್ತ್ರ ಕಣಮ್ಮ ರೋನಾ," ಅಂದ. "ಎಲ್ಲೆಲ್ಲೋ ತಗುಲಿಹಾಕಿದ್ರೆ ಆಗಲ್ಲ. ತಣ್ಣಗಿನ ಗೋಡೆ ಯಾವುದು ಹೇಳು?"

"ಯಾವುದು?" ಎಂದು ಶಿಷ್ಯೆಯ ಹಾಗೆ ಕೈಕಟ್ಟಿ ನಿಂತೆ.

"ಉತ್ತರದ್ದು! ನಮ್ಮಪ್ಪ ಹೇಳ್ತಿದ್ರು, ಉತ್ತರದ ಗೋಡೆಗೆ ದೊಡ್ಡ ರೇಡಿಯೇಟರ್ ಹಾಕು, ದಕ್ಷಿಣದ್ದನ್ನ ಸೂರ್ಯನಿಗೆ ಬಿಡು ಅಂತ. ಅದಕ್ಕೇ ಅಮ್ಮನಿಗೆ ದಕ್ಷಿಣದ ಕೋಣೆ ಆರಿಸಿರೋದು. ದಿನವಿಡೀ ಬಿಸಿಲು. ಅಲ್ಲಿಗೆ ಚಿಕ್ಕದೊಂದು ಇದ್ರೆ ಸಾಕು, ಹೆಸರಿಗೆ."

ದೇವಿ, ನಾನು ನಗಲಿಲ್ಲ. ನಾಲಿಗೆ ಕಚ್ಚಿಕೊಂಡೆ, ರಕ್ತ ಬಂತು.

ನಮ್ಮೂರಿನ ಕೂಸಿಗೂ ಗೊತ್ತು, ಭೂಗೋಳದ ಈ ಬುಡದಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ. ದಕ್ಷಿಣಕ್ಕಿರುವುದು ಹಿಮದ ಸಮುದ್ರ. ಚಳಿಗಾಲ ಬರುವುದೂ ಜೂನಿನಲ್ಲಿ. ಹಿಂದಿನ ಕೋಣೆಯ ಹೊರಗೋಡೆಗೆ ಹನ್ನೆರಡು ತಿಂಗಳೂ ಪಾಚಿ. ಆ ಕಿಟಕಿಯಲ್ಲಿ ಸೂರ್ಯನ ಮುಖ ನೋಡಿದವರಿಲ್ಲ. ಆದರೆ ಡೆರಿಕ್ ಬೋಲ್ಟನ್ನಿನಿಂದ ಬರುವಾಗ ತನ್ನ ಸೂರ್ಯನನ್ನೂ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದಿದ್ದಾನೆ.

ಇಂಗ್ಲೆಂಡಿನಿಂದ ಬಂದವರನ್ನು ನಾವು ಪಾಮಿ ಎನ್ನುತ್ತೇವೆ. ಪಾಮಿ ಹಳ್ಳಕ್ಕೆ ಬೀಳುತ್ತಿದ್ದರೆ ದಾರಿ ಬಿಟ್ಟು ನಿಂತು ನೋಡುವುದು ನಮ್ಮೂರ ಶಿಷ್ಟಾಚಾರ.

ಮುಂದಿನ ಹಜಾರಕ್ಕೆ ಮಧ್ಯಾಹ್ನದ ಬಿಸಿಲು ಸುರಿಯುತ್ತಿತ್ತು. ಅದೇ ಬಿಸಿಲಿನಲ್ಲಿ ಬೆವರುತ್ತ ಡೆರಿಕ್ ಉತ್ತರದ ಗೋಡೆಯ ಮೇಲೆ ಭಾರಿ ಚೌಕವೊಂದನ್ನು ಬರೆದ. "ಇದೆಲ್ಲ ಅಕಾಲದ ಬಿಸಿಲು, ನಂಬಬಾರದು," ಅಂದ. ಅಮ್ಮ ಅಡುಗೆಮನೆಯಿಂದ ಬಂದವಳು ಚೌಕ ನೋಡಿದಳು. ಹಿಂದಿನ ಕೋಣೆಗೆ ಹೋಗಿ ಅಲ್ಲಿನ ಅಂಗೈಯಗಲದ ಗುರುತನ್ನೂ ನೋಡಿ ಬಂದಳು. ಬಾಯಿ ತೆರೆದಳು. ನನ್ನನ್ನು ನೋಡಿದಳು. ಬಾಯಿ ಮುಚ್ಚಿ ಆಲೂಗಡ್ಡೆ ಸುಲಿಯಲು ಹೋದಳು.

ಅಮ್ಮನ ಮೇಲೆ ನನಗೆ ಇಷ್ಟು ಗೌರವ ಹಿಂದೆಂದೂ ಬಂದಿರಲಿಲ್ಲ.

ಏಪ್ರಿಲ್ 27

ಕೊಳಾಯಿ ಕೆಲಸದ ರಾವಿರಿ ಬಂದ. ಬಾಗಿಲಿನಷ್ಟೇ ಅಗಲದ ಮನುಷ್ಯ, ನಕ್ಕರೆ ಗಾಜು ನಡುಗುತ್ತದೆ. ಗುರುತುಗಳನ್ನೆಲ್ಲ ಸುತ್ತಿ ನೋಡಿ ನನ್ನನ್ನು ಬಚ್ಚಲಮನೆಗೆ ಎಳೆದುಕೊಂಡು ಹೋದ.

"ಏಯ್ ಹುಡುಗಿ, ನಿಮ್ಮ ಪಾಮಿ ತಲೆಕೆಳಗಾಗಿ ನಿಂತು ಗೆರೆ ಹಾಕಿದ್ದಾನಾ?"

"ಶ್! ಶಾಸ್ತ್ರೋಕ್ತವಾಗಿದೆ. ಅವರಪ್ಪನಿಂದ ಬಂದ ವಿದ್ಯೆ."

"ಯಾರೂ ಹೇಳ್ಲಿಲ್ವಾ?"

"ಹೇಳ್ತೀವಿ. ಎಲ್ಲ ಮುಗಿದು ಬಾಯ್ಲರ್ ಹಚ್ಚೋ ದಿನ, ಎಲ್ಲರೆದುರಿಗೆ. ಮುಖ ನೋಡೋಕೆ ಚೆನ್ನಾಗಿರುತ್ತೆ. ನಿನಗೂ ಚೀಸ್ ರೋಲ್ ಇಟ್ಟಿರ್ತೀನಿ."

ಅವನು ತಲೆ ಕೆರೆದುಕೊಂಡ. ಪಾಮಿಯ ಮುಖ, ಮೇಲೆ ಚೀಸ್ ರೋಲ್, ಯಾರು ಬೇಡವೆನ್ನುತ್ತಾರೆ? "ಸರಿ ಬಿಡು. ರೇಡಿಯೇಟರ್ ಚಿಕ್ಕದಾದ್ರೂ ಆ ಕೋಣೇನೂ ಬೆಂಕಿಪೊಟ್ಟಣದಷ್ಟೇ. ಹಗಲೂ ರಾತ್ರಿ ಉರಿಸಿದ್ರೆ ಹೆಂಗೋ ತೂಗಿಸುತ್ತೆ. ಆದ್ರೆ ತಮಾಷೆ ಜಾಸ್ತಿ ಎಳೀಬೇಡ, ಮುದುಕಮ್ಮನ ಎದೆ ಕೇಳಿದ್ದೀನಿ."

ಇಲ್ಲಿ ಒಂದು ಮಾತು ಶಾಸನದಲ್ಲಿ ಕೆತ್ತಿಸಬೇಕು: ನಾನು ಏನೂ ಮಾಡಿಲ್ಲ. ಬರೀ ಮಾತಾಡಿಲ್ಲ. ಸುಮ್ಮನಿದ್ದವರನ್ನು ಶಿಕ್ಷಿಸುವ ಕಾನೂನು ನ್ಯೂಜಿಲೆಂಡಿನಲ್ಲಿಲ್ಲ.

ಮೇ 6

ಬಾಯ್ಲರ್ ಹೊತ್ತಿತು. ಕೊಳವೆಗಳು ಹೊಟ್ಟೆ ಗುಡುಗುಡು ಮಾಡಿಕೊಂಡವು. ಡೆರಿಕ್ ಒಂದೊಂದು ರೇಡಿಯೇಟರಿನ ತಲೆ ಸವರಿ, "ಭೇಷ್, ಭೇಷ್," ಅಂದ. ಹಜಾರ ಎಷ್ಟು ಕಾಯಿತೆಂದರೆ ಅಮ್ಮ ಕಿಟಕಿ ತೆರೆದಳು. ರಾವಿರಿ ಬೇರೆ ಕೆಲಸಕ್ಕೆ ಹೋಗಿದ್ದ. ಅವನಿಲ್ಲದೆ ಗುಟ್ಟು ಒಡೆದರೆ ಮಜಾ ಇಲ್ಲವಲ್ಲ, ಮುಂದೂಡಿದೆ. ಚೀಸ್ ರೋಲುಗಳನ್ನೆಲ್ಲ ನಾನೇ ತಿಂದೆ.

ಸಂಜೆ ಇನ್ನೊಂದು ಸಣ್ಣ ಚೇಷ್ಟೆಯೂ ಆಯಿತು. ಬರೆಯುವಷ್ಟು ದೊಡ್ಡದಲ್ಲ.

ಮೇ 23

ಮುದುಕಿಗೆ ಸ್ಥಳೀಯ ಸಂಪ್ರದಾಯಗಳನ್ನು ಕಲಿಸುವ ಧರ್ಮಕಾರ್ಯ ಕೈಗೊಂಡಿದ್ದೇನೆ. ಮೊದಲ ಪಾಠ: ಡುನೀಡಿನ್ನಿನಲ್ಲಿ ಕಡಲಹಕ್ಕಿ ಕಂಡರೆ ಹೆಂಗಸರು ನಿಂತು ಸೆಲ್ಯೂಟ್ ಹೊಡೆಯಬೇಕು, ಇಲ್ಲದಿದ್ದರೆ ಅಪಶಕುನ.

ಅಂಗಡಿಬೀದಿಯಲ್ಲಿ ಹಕ್ಕಿಗಳ ಹಿಂಡೇ ಇತ್ತು. ಮುದುಕಿ ಕೋಲು ಊರಿ, ನೆಟ್ಟಗೆ ನಿಂತು, ಸೊಟ್ಟಬೆರಳ ಕೈಯನ್ನು ಹಣೆಗೆತ್ತಿದಳು. ಜನ ತಿರುಗಿ ನೋಡಿದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆಗ ಅವಳು ಬೇಕರಿಯವಳ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಏನೂ ತಿಳ್ಕೋಬೇಡಮ್ಮ. ಈ ಹುಡುಗೀಗೆ ತಲೆ ಸ್ವಲ್ಪ ಹಾಗೆ. ನಾನು ಸೆಲ್ಯೂಟ್ ಹೊಡೀದಿದ್ರೆ ನೆಲಕ್ಕೆ ಬಿದ್ದು ಒದ್ದಾಡ್ತಾಳೆ. ಡಾಕ್ಟ್ರು ಅವಳ ಮನಸ್ಸು ನೋಯಿಸಬೇಡಿ ಅಂದಿದ್ದಾರೆ."

ಬೇಕರಿಯವಳು ಮರುಗಿ ನನಗೊಂದು ಬನ್ನು ಕೊಟ್ಟಳು, ಪುಕ್ಕಟೆ.

ದಾರಿಯಲ್ಲಿ ಮುದುಕಿ ಅರ್ಧ ಬನ್ನು ಕಿತ್ತುಕೊಂಡು, "ಮೂವತ್ತು ವರ್ಷ ಮಗ್ಗದ ಗಿರಣೀಲಿ ದುಡಿದೋಳು ನಾನು, ಚಿನ್ನ," ಅಂದಳು. "ಅಲ್ಲಿ ಹೊಸಬರನ್ನ ಹೆಂಗೆ ಸತಾಯಿಸ್ತಿದ್ವಿ ಅಂದ್ರೆ, ನೀನಿನ್ನೂ ಅಂಬೆಗಾಲು."

ಶತ್ರುವಿನ ಶಕ್ತಿಯನ್ನು ಕಡಿಮೆ ಅಂದಾಜು ಮಾಡಿದ್ದೆ. ಇನ್ನು ಮುಂದೆ ದಿನವೂ ಸಂಜೆ ಅವಳ ಕೋಣೆಗೆ ಹೋಗಿ ಬೇಹುಗಾರಿಕೆ ಮಾಡಬೇಕು.

ಜೂನ್ 13

ಬೇಹುಗಾರಿಕೆ ಸಾಗಿದೆ. ಹಿಲ್ಡಾ ಇಸ್ಪೀಟಿನಲ್ಲಿ ಮೋಸ ಮಾಡುತ್ತಾಳೆ, ಅದೂ ಎಷ್ಟು ಭಕ್ತಿಯಿಂದ! ಎಕ್ಕ ಯಾವಾಗಲೂ ಅವಳ ಶಾಲಿನೊಳಗೇ ಹುಟ್ಟುತ್ತದೆ. ಅವಳ ಕೋಣೆಗೆ ಹೋಗುವಾಗ ನಾನು ಎರಡು ಸ್ವೆಟರ್ ಹಾಕಿಕೊಳ್ಳುತ್ತೇನೆ. ರಾತ್ರಿ ಅವಳ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿಸಿಕೊಡುವುದೂ ನಾನೇ. ಆ ನೆಪದಲ್ಲಿ ಶತ್ರುವಿನ ಕೋಟೆಗೆ ಇನ್ನೊಂದು ಸಲ ಪ್ರವೇಶ ಸಿಗುತ್ತದೆ.

ಇವತ್ತು ಎಲೆ ಹಂಚುತ್ತ, ಕಿಟಕಿಯ ಕಡೆ ಗದ್ದ ಎತ್ತಿ ಹೇಳಿದಳು: "ನಿಮ್ಮೂರಲ್ಲಿ ಸೂರ್ಯ ಮನೆಯ ಆ ಕಡೆಯಿಂದ ಹೋಗ್ತಾನೆ, ಅಲ್ವಾ ಚಿನ್ನ?"

ನನ್ನ ಕೈಯ ಎಲೆಗಳು ಬಿದ್ದವು.

"ಬಂದ ವಾರವೇ ಗೊತ್ತಾಯ್ತು. ಈ ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು ಕಾಯ್ತಾ ಕೂತಿದ್ದೆ. ಬರಲೇ ಇಲ್ಲ ಮಹಾರಾಯ. ನಾಲ್ಕನೇ ದಿನ ಹಜಾರಕ್ಕೆ ಹೋದ್ರೆ ಅಲ್ಲಿ ಸೋಫಾ ಮೇಲೆ ಬಿದ್ದುಕೊಂಡಿದ್ದ."

"ಮತ್ತೆ ಡೆರಿಕ್‌ಗೆ ಯಾಕೆ ಹೇಳ್ಲಿಲ್ಲ?"

"ಸೀಮೆಸುಣ್ಣ ಹಿಡ್ಕೊಂಡು ಓಡಾಡ್ತಿದ್ನಲ್ಲ, ಅವನ ಮುಖ ನೋಡಿದ್ಯಾ? ಅಪ್ಪನ ಥರಾನೇ. ನಮ್ಮ ಡೆರಿಕ್ ಚಿಕ್ಕೋನಿದ್ದಾಗಿಂದ್ಲೂ ಏನು ಮಾಡಿದ್ರೂ ಎಡವಟ್ಟೇ. ಈ ಒಂದು ಕೆಲ್ಸ ನನಗೋಸ್ಕರ ಸರಿಯಾಗಿ ಮಾಡಿದೆ ಅಂದ್ಕೊಂಡಿದ್ದಾನೆ. ಅದನ್ನ ಕಿತ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ? ಹೇಳ್ಬೇಡ. ಆಣೆ ಇಡು."

ಆಣೆ ಇಟ್ಟೆ. ಎರಡು ತಿಂಗಳಿಂದ ಹೇಳದೇ ಇರುವುದನ್ನು ಹೇಳುವುದಿಲ್ಲವೆಂದು ಆಣೆ ಇಡುವುದು ಸುಲಭ.

"ಆ ಚಿಕ್ಕದು ಮಾತ್ರ ಬಿಸಿ ಆಗೋದೇ ಇಲ್ಲ, ನೋಡು," ಎಂದು ರೇಡಿಯೇಟರಿನ ಮೇಲೆ ಹರಡಿದ್ದ ಕಂಬಳಿಯನ್ನು ಸರಿಸಿದಳು. ಡೆರಿಕ್ ಮುಟ್ಟಿ ನೋಡಿಬಿಟ್ಟಾನೆಂದು ಅದರ ಮೇಲೆ ಸದಾ ಏನಾದರೂ ಒಣಹಾಕಿರುತ್ತಾಳೆ.

ಮುಟ್ಟಿದೆ. ಕಲ್ಲಿನಷ್ಟು ತಣ್ಣಗಿತ್ತು, ಕೈ ಹಿಂದಕ್ಕೆ ತೆಗೆದುಕೊಂಡೆ.

"ಚಿಕ್ಕದಲ್ವಾ," ಅಂದೆ.

"ಹೂಂ, ಪಾಪ. ಅದರ ಕೈಲಾದಷ್ಟು ಮಾಡುತ್ತೆ."

ಜೂನ್ 14

ಮಂಜು. ಏನೂ ನಡೆಯಲಿಲ್ಲ.

ಜೂನ್ 28

ರಾವಿರಿ ಬಾಯ್ಲರ್ ನೋಡಲು ಬಂದ. ಹೊರಗಿನ ಬಚ್ಚಲಲ್ಲಿ ಮಂಡಿಯೂರಿದ್ದವನು ನನ್ನನ್ನು ಕಂಡದ್ದೇ ಕೇಳಿದ: "ಹೆಂಗಿತ್ತು ಪಾಮಿಯ ಮುಖ? ನಂಗೆ ಒಂದು ರೋಲೂ ಉಳಿಸ್ಲಿಲ್ವಲ್ಲ ಕಳ್ಳಿ."

"ಇನ್ನೂ ಹೇಳಿಲ್ಲ."

ಅವನ ನಗು ಹಾಗೇ ನಿಂತಿತು. "ಜೂನ್ ಮುಗೀತಾ ಬಂತಲ್ಲೇ."

"ಹಿಲ್ಡಾನೇ ಬೇಡ ಅಂದ್ರು. ಆಣೆ ಹಾಕಿಸ್ಕೊಂಡಿದ್ದಾರೆ. ಬೇಕಾದ್ರೆ ಕೇಳು."

"ಹಂಗಂದ್ರೆ ಒಂದ್ಸಲ ಕೋಣೆ ನೋಡ್ಬಿಡ್ತೀನಿ. ಅಷ್ಟು ಚಿಕ್ಕದಕ್ಕೆ ನೀರು ಸರಿಯಾಗಿ ಹತ್ತುತ್ತಾ ಇದೆಯೋ ಇಲ್ವೋ."

"ಮಲಗಿದ್ದಾರೆ," ಅಂದೆ.

ಕೋಣೆಯಿಂದ ಹಿಲ್ಡಾ ರೇಡಿಯೋ ಜೊತೆ ಹಾಡುವುದು ಕೇಳುತ್ತಿತ್ತು. ರಾವಿರಿ ಆ ಕಡೆ ನೋಡಿದ, ನನ್ನ ಕಡೆ ನೋಡಿದ. ಬೇರೆಯವರ ಮನೆ ವಿಷಯ ಎಂದುಕೊಂಡಿರಬೇಕು, ಸಲಕರಣೆ ಪೆಟ್ಟಿಗೆ ಮುಚ್ಚಿದ. ಹೋಗುವಾಗ ಬರ್ತೀನಿ ಅಂತಲೂ ಹೇಳಲಿಲ್ಲ.

ಜನರಿಗೆ ಈಚೆಗೆ ಹಾಸ್ಯಪ್ರಜ್ಞೆಯೇ ಇಲ್ಲವಾಗಿದೆ, ದೇವಿ.

ಜುಲೈ 9

ಇಬ್ಬನಿ ಗಟ್ಟಿಯಾಗಿ ಹುಲ್ಲು ಕಾಲಡಿಯಲ್ಲಿ ಕರಕರ ಎನ್ನುತ್ತಿದೆ. ಹಿಂದಿನ ಕೋಣೆಯ ಕಿಟಕಿಗೆ ಒಳಗಡೆಯಿಂದಲೇ ಹಿಮದ ಹೂವು. ಹಜಾರದಲ್ಲಿ ಡೆರಿಕ್ ಅರ್ಧತೋಳಿನ ಅಂಗಿಯಲ್ಲಿ ಪತ್ರಿಕೆ ಓದುತ್ತಾನೆ.

"ಬೆಚ್ಚಗಿದೀಯಾಮ್ಮ?" ಎಂದು ಅಲ್ಲಿಂದಲೇ ಕೂಗುತ್ತಾನೆ.

"ಒಲೆ ಮೇಲೆ ಕೂತಂಗಿದೆ ಕಣೋ!" ಎಂದು ಅಜ್ಜಿ ಇಲ್ಲಿಂದ ಕೂಗುತ್ತಾಳೆ. ಕೂಗುವಾಗ ಅವಳ ಬಾಯಿಯಿಂದ ಹಬೆ ಬರುತ್ತದೆ. ಕೂಗಿದ ಮೇಲೆ ಬಹಳ ಹೊತ್ತು ಕೆಮ್ಮುತ್ತಾಳೆ, ತಲೆದಿಂಬನ್ನು ಬಾಯಿಗೊತ್ತಿಕೊಂಡು.

ಹಜಾರಕ್ಕೆ ಬಂದು ಕೂತುಕೋ ಎಂದೆ. "ಅಲ್ಲಿಗೆ ಬಂದ್ರೆ ಇಲ್ಲಿ ಚಳಿ ಅಂತ ಅವನಿಗೆ ಗೊತ್ತಾಗಲ್ವಾ, ದಡ್ಡಿ," ಅಂದಳು.

ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ಒರೆಸುತ್ತ ಕೆಮ್ಮನ್ನು ಕೇಳಿಸಿಕೊಳ್ಳುತ್ತಿದ್ದಳು. ಕೇಕ್ ಬೆಂದಿತೋ ಎಂದು ಒಲೆಯ ಕಡೆ ಕಿವಿಯಿಡುತ್ತಾಳಲ್ಲ, ಹಾಗೆ.

"ಅಮ್ಮಾ, ಅಜ್ಜಿಗೆ..."

"ಯಾರು ಅಜ್ಜಿ?" ಅಂದಳು ಅಮ್ಮ. "ಸೆಪ್ಟೆಂಬರಿಗೆ ಆ ಕೋಣೆಗೆ ಬಣ್ಣ ಹೊಡೆಸೋಣ. ನಿಂಗೆ ಯಾವ ಬಣ್ಣ ಬೇಕು ಯೋಚ್ನೆ ಮಾಡಿಟ್ಕೋ."

ಹಳದಿ ಅಂದೆ.

ಜುಲೈ 16

ಆಂಬುಲೆನ್ಸ್ ಬಂತು. ಅಜ್ಜಿಯ ತುಟಿ ನೀಲಿಯಾಗಿತ್ತು. ಸ್ಟ್ರೆಚರಿನಿಂದ ಕೈಯೆತ್ತಿ ಬಾಗಿಲ ಬಳಿಯ ಕಡಲಹಕ್ಕಿಗೆ ಸೆಲ್ಯೂಟ್ ಮಾಡಿದಳು. ಡೆರಿಕ್ ಜೊತೆಗೆ ಹೋದ. ಅಮ್ಮ ವೃದ್ಧಾಶ್ರಮದ ನಂಬರ್ ಹುಡುಕಿದಳು. ನಾನು ಅಜ್ಜಿಯ ಕೋಣೆ ಅಚ್ಚುಕಟ್ಟು ಮಾಡಿದೆ.

ಆಗಸ್ಟ್ 2

ವೃದ್ಧಾಶ್ರಮಕ್ಕೆ ಮೂವರೂ ಹೋಗಿದ್ದೆವು. ಕುಪ್ಪಸದ ಮೇಲೆ ಗಡಿಯಾರ ಸಿಕ್ಕಿಸಿಕೊಂಡ ಮೇಲ್ವಿಚಾರಕಿ ಖುಷಿಯಿಂದ ಕರೆದುಕೊಂಡು ಹೋದಳು. "ನಿಮ್ಮ ತಾಯಿ ಅದೃಷ್ಟವಂತರು ಸಾರ್. ಉತ್ತರದ ಕಡೆ ಕೋಣೆ ಖಾಲಿಯಾಯ್ತು. ಎಲ್ಲರೂ ಅದಕ್ಕೇ ಕಾಯ್ತಿರ್ತಾರೆ."

ಡೆರಿಕ್ ನಿಂತುಬಿಟ್ಟ. "ಉತ್ತರ? ಎದೆ ಕಾಯಿಲೆಯವರನ್ನ ಉತ್ತರದ ಕೋಣೇಲಿ ಹಾಕಿದ್ದೀರಾ? ಸಾಯಿಸಬೇಕು ಅಂತಿದ್ದೀರಾ? ಈಗಿಂದೀಗ್ಲೇ ದಕ್ಷಿಣಕ್ಕೆ ಬದಲಾಯಿಸಿ!"

ಹಜಾರದಲ್ಲಿದ್ದ ಮುದುಕರೆಲ್ಲ ಹೆಣಿಗೆ ನಿಲ್ಲಿಸಿದರು. ಒಬ್ಬ ತಾತ ನಗತೊಡಗಿದ. "ಪಾಮಿ," ಎಂದು ಪಕ್ಕದವಳಿಗೆ ಹೇಳಿದ, "ಇವನಿನ್ನೂ ತಲೆಕೆಳಗಾಗೇ ನಿಂತಿದ್ದಾನೆ, ತಿರುಗಿಸ್ರೋ!" ನಗು ಕುರ್ಚಿಯಿಂದ ಕುರ್ಚಿಗೆ ಹರಿಯಿತು. ಏಪ್ರಿಲಿನಿಂದ ನಾನು ಕಾದಿದ್ದ ನಗು ಅದು. ಎಲ್ಲರೆದುರಿಗೆ, ನಾನು ಯೋಜಿಸಿದ ಹಾಗೆಯೇ.

"ಸಾರ್," ಅಂದಳು ಮೇಲ್ವಿಚಾರಕಿ ಮೆಲ್ಲಗೆ, "ಇಲ್ಲಿ ಸೂರ್ಯ ಉತ್ತರದಲ್ಲಿರ್ತಾನೆ," ಎಂದು ಬಾಗಿಲು ತೆರೆದಳು.

ಅಜ್ಜಿ ಬಿಸಿಲಿನ ಮಧ್ಯದಲ್ಲಿ ಕೂತಿದ್ದಳು. ಮೂಗಿಗೆ ಕೊಳವೆ. ಹೆಗಲ ಮೇಲೆ ಶಾಲಿರಲಿಲ್ಲ.

ಡೆರಿಕ್ ಕಿಟಕಿ ನೋಡಿದ. ಬಹಳ ಹೊತ್ತು ನೋಡಿದ. ಅವನ ಮುಖ ನೋಡಲು ಚೆನ್ನಾಗಿರುತ್ತದೆಂದು ಎಂದೋ ಹೇಳಿದ್ದೆ.

"ಜೀನೆಟ್," ಅಂದ. "ನಿನಗೆ ಗೊತ್ತಿತ್ತು."

"ನೀನೇ ಪಂಡಿತ ಅಂದ್ಕೊಂಡಿದ್ದೆ," ಅಂದಳು ಅಮ್ಮ.

"ಅಮ್ಮ?"

"ನಂಗೇನು ಗೊತ್ತಪ್ಪ, ಮುದುಕಿ," ಅಂದಳು ಅಜ್ಜಿ. "ನಿನ್ನ ಕೋಣೆ ಬೆಚ್ಚಗೇ ಇತ್ತು. ಇದು ವಯಸ್ಸಿನ ಕೆಮ್ಮು."

ಕೊನೆಗೆ ನನ್ನ ಕಡೆ ತಿರುಗಿದ. "ರೋನಾ, ನಿನಗೆ?"

ಅಜ್ಜಿ ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದಳು. ಬೇಡ.

"ಇಲ್ಲ," ಅಂದೆ. ಉತ್ತರ ತಪ್ಪಾಗಿರುವುದು ನಮ್ಮ ಮನೆಯಲ್ಲಿ ಹೊಸದೇನಲ್ಲ.

ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದಳು. ಅವಳ ಕೈ ಬೆಚ್ಚಗಿತ್ತು. ನನಗೆ ಅದು ಬೇರೆ ಯಾರದೋ ಕೈ ಅನ್ನಿಸಿತು. "ಒಳ್ಳೇ ಹುಡುಗಿ," ಎಂದು ಪಿಸುಗುಟ್ಟಿದಳು.

ಆಗಸ್ಟ್ 22

ದೇವಿ, ಕೋಣೆ ನನ್ನದಾಗಿದೆ. ಬಣ್ಣ ಸೆಪ್ಟೆಂಬರಿಗೆ.

ಡೆರಿಕ್ ವಾರವಿಡೀ ಗೋಡೆ ಒಡೆದ. ರಾವಿರಿಯನ್ನು ಕರೆಯಲಿಲ್ಲ, ತಾನೇ ಮಾಡಿದ. ಹಜಾರದ ದೊಡ್ಡ ರೇಡಿಯೇಟರನ್ನು ಬಿಚ್ಚಿ, ಬೆನ್ನ ಮೇಲೆ ಹೊತ್ತು ತಂದು, ಇಲ್ಲಿ ಕಿಟಕಿಯ ಕೆಳಗೆ ನಿಲ್ಲಿಸಿದ. ಅಮ್ಮ ಬಾಗಿಲಲ್ಲಿ ನಿಂತು, "ಒಂದು ಚಳಿಗಾಲ ಅಂದಿದ್ದೆ. ಅವರು ವಾಪಸ್ ಬರಲ್ಲ," ಅಂದಳು. ಡಾಕ್ಟರೂ ಅದನ್ನೇ ಹೇಳಿದ್ದಾರೆ, ಆ ಎದೆ ಇನ್ನು ಎಲ್ಲಿಗೂ ಪ್ರಯಾಣ ಮಾಡುವುದಿಲ್ಲವೆಂದು. ಡೆರಿಕ್ ತಿರುಪು ಬಿಗಿಯುತ್ತಲೇ ಇದ್ದ.

ಚಿಕ್ಕದನ್ನು ಗೋಡೆಯಿಂದ ಕಳಚುವಾಗ ನನ್ನನ್ನು ಕರೆದು ತೋರಿಸಿದ. "ನೋಡಮ್ಮ. ಬಿಸಿನೀರು ಬಿಡೋ ವಾಲ್ವ್ ಪೂರ್ತಿ ತೆರೆದೇ ಇದೆ. ಪಾಪದ್ದು, ಇದ್ದ ಶಕ್ತಿಯೆಲ್ಲ ಹಾಕಿದೆ, ಆದ್ರೂ ಸಾಲಲಿಲ್ಲ. ತಪ್ಪು ಇದರದ್ದಲ್ಲ, ಇದನ್ನ ಇಲ್ಲಿಟ್ಟವನದ್ದು." ಆಮೇಲೆ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಹಿತ್ತಲಿಗೆ ಹೋದ. ಈಗಲೂ ಅಲ್ಲೇ ಕೂತಿದ್ದಾನೆ, ಪಾಚಿಯ ಗೋಡೆಗೆ ಒರಗಿ.

ಇಲ್ಲಿ ಈಗ ಎಷ್ಟು ಸೆಕೆಯೆಂದರೆ ಸ್ವೆಟರ್ ತೆಗೆದಿಟ್ಟಿದ್ದೇನೆ.

ಮೇ ಆರರ ಆ ಸಣ್ಣ ಚೇಷ್ಟೆ ಯಾವುದೆಂದು ನೀನು ಕೇಳಲೇ ಇಲ್ಲ, ದೇವಿ. ಅವಳ ರೇಡಿಯೇಟರಿನ ವಾಲ್ವ್ ಮುಚ್ಚಿಟ್ಟಿದ್ದೆ. ಬೋಲ್ಟನ್ನಿನ ಬೈಗುಳ ಹೇಗಿರುತ್ತದೆಂದು ಕೇಳಬೇಕಿತ್ತು, ಅಷ್ಟೆ. ಅವಳು ಬೈಯಲಿಲ್ಲ. ತೆರೆದದ್ದು ಆಂಬುಲೆನ್ಸ್ ಹೋದ ಮೇಲೆ, ಕೋಣೆ ಅಚ್ಚುಕಟ್ಟು ಮಾಡುವಾಗ.

ನಡುವೆ ಮರೆತುಹೋಗಿತ್ತು ಎಂದು ಬರೆಯಲೆಂದೇ ಇವತ್ತು ಈ ಪುಟ ತೆರೆದೆ.